‘ಅಕ್ಕಾರನ್ನ ಕೇಳಿ ಹೇಳ್ತೀನ್ರಿ’ ಅನ್ನೋದು ನಿಂತಿದ್ದು ಹೇಗೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಚಟ್ನಿ ಪುಡಿ ಘಟಕ ಇದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮಸಾಲಿ ಖಾರ ಮಾಡುತ್ತೇವೆ. ಜೊತೆಗೆ ಕಡಕ್ ಜೋಳದ ರೊಟ್ಟಿ ಮಾರುತ್ತೇವೆ. ಊರಿನ ಕಿರಾಣಿ ಅಂಗಡಿಗಳು, ಕೆಲವು ಖಾನಾವಳಿಗಳು, ನೌಕರಿಗೆ ಅಂತ ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯ ಮಂದಿ, ಇವರೇ ನಮ್ಮ ಗಿರಾಕಿಗಳು. ಮನೆಯ ಹಿಂದಿನ ಖೋಲಿಯಲ್ಲಿ ಶುರುವಾದದ್ದು. ಈಗ ಬಾಡಿಗೆ ಜಾಗ ಇದೆ, ಏಳೆಂಟು ಮಂದಿ ಕೆಲಸಕ್ಕೆ ಬರುತ್ತಾರೆ.

ಮಂದಿ ಬಂದರು, ಆದರೆ ನನ್ನ ಕೆಲಸ ಕಡಿಮೆ ಆಗಲಿಲ್ಲ. ಹುರಿಯಲು ಒಬ್ಬರಿದ್ದರು, ಕುಟ್ಟಲು ಒಬ್ಬರಿದ್ದರು, ಪ್ಯಾಕಿಂಗಿಗೆ ಇಬ್ಬರಿದ್ದರು. ಆದರೂ ಪ್ರತಿಯೊಂದು ಮಾತು ತಿರುಗಿ ನನ್ನ ಹತ್ತಿರವೇ ಬರುತ್ತಿತ್ತು. ಗಿರಾಕಿ ಏನೇ ಕೇಳಲಿ, ಅಲ್ಲಿದ್ದವರ ಬಾಯಲ್ಲಿ ಒಂದೇ ಉತ್ತರ: ‘ಅಕ್ಕಾರನ್ನ ಕೇಳಿ ಹೇಳ್ತೀನ್ರಿ.’ ಮಗನ ಶಾಲೆಯ ಮೀಟಿಂಗಿನಲ್ಲಿ ಕೂತಿದ್ದರೂ ಫೋನ್ ಬರುತ್ತಿತ್ತು. ಮದುವೆಯ ಊಟಕ್ಕೆ ಕೂತಾಗಲೂ ಬರುತ್ತಿತ್ತು. ಜ್ವರ ಬಂದು ಮಲಗಿದಾಗ ಮಂಚದ ಪಕ್ಕಕ್ಕೇ ಆರ್ಡರ್ ಪುಸ್ತಕ ಬಂತು. ಆಗ ಇದನ್ನು ಸರಿ ಮಾಡಲೇಬೇಕು ಅಂತ ಕೂತೆ.

ಮೊದಲು ಮಾಡಿದ ಕೆಲಸ ಬಹಳ ಸಾದಾ. ಒಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ, ನನ್ನನ್ನು ಯಾರು ಏನು ಕೇಳಿದರೂ ಬರೆಯುತ್ತಾ ಹೋದೆ. ಉತ್ತರ ಬೇಡ, ಪ್ರಶ್ನೆ ಮಾತ್ರ. ‘ರೊಕ್ಕ ಬಂತೇನ್ರಿ?’ ‘ಪುಣೆಗೆ ಎರಡು ಕೇಜಿ ಪಾರ್ಸೆಲ್ ಎಷ್ಟ್ ಹೇಳ್ಲಿ?’ ‘ಪ್ಯಾಕೆಟ್ ಒಡದೈತಂತ, ಏನ್ ಮಾಡ್ಲಿ?’ ‘ಬಳ್ಳೊಳ್ಳಿ ಇಲ್ಲದ್ದು ಐತೇನಂತ ಕೇಳಾಕತ್ತಾರ.’ ‘ಈ ಅಂಗಡಿಯವರಿಗೆ ಉದ್ರಿ ಕೊಡ್ಲೇನ್ರಿ?’ ಕೆಲವು ದಿನಗಳಲ್ಲೇ ಹಾಳೆ ತುಂಬಿತು. ಓದಿ ನೋಡಿದರೆ ಬಹುತೇಕ ಅವೇ ಪ್ರಶ್ನೆಗಳು. ಅವುಗಳ ಉತ್ತರ ಗುಟ್ಟೇನಲ್ಲ, ಕಷ್ಟದ್ದೂ ಅಲ್ಲ. ನನ್ನ ತಲೆಯಲ್ಲಿ ಮಾತ್ರ ಇತ್ತು, ಅಷ್ಟೇ. ಇಷ್ಟು ದಿನ ನಾನು ಮಂದಿಗೆ ದುಡಿಮೆ ಕೊಟ್ಟಿದ್ದೆ. ಆ ದುಡಿಮೆಗೆ ಬೇಕಾದ ಮಾಹಿತಿ ಮತ್ತು ‘ಹೂಂ’ ಅನ್ನುವ ಅಧಿಕಾರ ನನ್ನ ಹತ್ತಿರವೇ ಉಳಿದಿತ್ತು. ಹಾಳೆ ನೋಡಿದ ಮೇಲೆ ಯಾವುದನ್ನು ಮೊದಲು ಬಿಟ್ಟುಕೊಡಬೇಕು ಅನ್ನುವುದು ತಾನಾಗಿಯೇ ಗೊತ್ತಾಯಿತು.

ಎಲ್ಲಕ್ಕಿಂತ ಜಾಸ್ತಿ ಬರುತ್ತಿದ್ದ ಪ್ರಶ್ನೆ ‘ರೊಕ್ಕ ಬಂತೇನ್ರಿ?’ ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತಾರೆ, ಮೆಸೇಜ್ ಬರುವುದು ನನ್ನ ಫೋನಿಗೆ. ನಾನು ಇನ್ನೆಲ್ಲೋ ಇರುತ್ತೇನೆ. ಗಿರಾಕಿ ತನ್ನ ಫೋನ್ ತೋರಿಸಿದರೂ ನಮ್ಮ ಹುಡುಗಿಗೆ ಧೈರ್ಯ ಇಲ್ಲ. ಅವಳದ್ದೂ ಸರಿ, ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರು ಇದ್ದಾರೆ. ಕೌಂಟರಿನ ಮೇಲೆ ಒಂದು ಸೌಂಡ್‌ಬಾಕ್ಸ್ ತಂದಿಟ್ಟೆ. ಇಷ್ಟು ರೂಪಾಯಿ ಬಂತು ಅಂತ ಅದೇ ಕನ್ನಡದಲ್ಲಿ ಕೂಗಿ ಹೇಳುತ್ತದೆ. ಆ ಪ್ರಶ್ನೆ ಅಂದೇ ನಿಂತಿತು. ಇದನ್ನು ಯಾರಿಗೂ ಕಲಿಸಬೇಕಾಗಲಿಲ್ಲ, ಯಾರಿಗೂ ಸಂಬಳ ಕೊಡಬೇಕಾಗಲಿಲ್ಲ. ಕೆಲಸ ಹಂಚುವುದು ಅಂದರೆ ಕೂಡಲೇ ಹೊಸಬರನ್ನು ಸೇರಿಸಿಕೊಳ್ಳುವ ಯೋಚನೆ ಬರುತ್ತದೆ ಅಲ್ವಾ? ಕೆಲವು ಸಲ ಮಾಹಿತಿ ಸರಿಯಾದ ಜಾಗಕ್ಕೆ ಹೋಗಿ ಬಿದ್ದರೆ ಸಾಕು.

ನಂತರ ವಾಟ್ಸಾಪ್ ಆರ್ಡರು. ನಮ್ಮಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಪ್ಯಾಕಿಂಗಿಗೆ ಬರುತ್ತಿದ್ದಳು. ಚುರುಕು, ಮಾತೂ ಚಂದ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಒಂದೇ ನಂಬರನ್ನು ಮುಖ್ಯ ಫೋನಲ್ಲದೆ ಇನ್ನೂ ನಾಲ್ಕು ಕಡೆ ಜೋಡಿಸಬಹುದು. ನಂಬರು ನನ್ನ ಫೋನಿನಲ್ಲೇ ಉಳಿಯಿತು, ಘಟಕದ ಲ್ಯಾಪ್‌ಟಾಪಿನಲ್ಲಿ ಅವಳು ತೆರೆದುಕೊಂಡಳು. ನೋಟ್‌ಬುಕ್ಕಿನ ಪ್ರಶ್ನೆಗಳಿಗೆ ಇಬ್ಬರೂ ಕೂತು ಉತ್ತರ ಬರೆದೆವು. ಅವನ್ನೇ ಕ್ವಿಕ್ ರಿಪ್ಲೈ, ಅಂದರೆ ಸಿದ್ಧ ಉತ್ತರ, ಅಂತ ಹಾಕಿಟ್ಟೆವು. ಪಾರ್ಸೆಲ್ ದರ, ಎಷ್ಟು ದಿನಕ್ಕೆ ಮುಟ್ಟುತ್ತದೆ, ಯಾವ ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆ, ಯಾವುದರಲ್ಲಿ ಇಲ್ಲ, ತೆರೆದ ಮೇಲೆ ಹೇಗೆ ಇಡಬೇಕು, ಎಲ್ಲ ಅದರಲ್ಲಿವೆ. ಉತ್ತರಗಳ ಭಾಷೆಯನ್ನು ಅವಳೇ ತಿದ್ದಿದಳು. ನನ್ನದು ಅಂಗಡಿ ಬೋರ್ಡಿನ ಹಾಗೆ ಇತ್ತು, ಅವಳದ್ದು ಮಾತಾಡಿದ ಹಾಗೆ ಇತ್ತು.

ಆದರೆ ಉತ್ತರಗಳ ಪಟ್ಟಿ ಕೊಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಮತ್ತೆ ನನ್ನ ಫೋನೇ. ಹಾಗಾಗಿ ಒಂದು ಮಿತಿ ಹಾಕಿದೆ. ಒಂದು ಆರ್ಡರಿನಲ್ಲಿ 500 ರೂಪಾಯಿ ತನಕದ ತೀರ್ಮಾನ ಅವಳದ್ದೇ. ಮಾಲು ಬದಲಿಸಿ ಕೊಡಲಿ, ದುಡ್ಡು ವಾಪಸ್ ಮಾಡಲಿ, ಒಂದು ಪ್ಯಾಕೆಟ್ ಜಾಸ್ತಿ ಹಾಕಲಿ, ನನ್ನನ್ನು ಕೇಳುವಂತಿಲ್ಲ. ಸಂಜೆ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಅದಾದ ಮೇಲೆ ಪುಣೆಯ ಒಬ್ಬರಿಗೆ ಕಳಿಸಿದ ಶೇಂಗಾ ಚಟ್ನಿ ಪ್ಯಾಕೆಟ್ಟಿನಿಂದ ಎಣ್ಣೆ ಒಸರಿ ಪಾರ್ಸೆಲ್ ಡಬ್ಬಿಯೆಲ್ಲ ಕಲೆಯಾಗಿತ್ತು. ಅವರು ಫೋಟೋ ಹಾಕಿದ್ದರು. ಅವಳು ಒಂದರ ಬದಲಿಗೆ ಎರಡು ಪ್ಯಾಕೆಟ್ ಕಳಿಸಿದ್ದಳು. ಪುಸ್ತಕ ನೋಡಿದಾಗ ಯಾಕೆ ಅಂತ ಕೇಳಿದೆ. ‘ಅಕ್ಕಾರ, ಒಂದ ಕಳಿಸಿದ್ರೂ ಪಾರ್ಸೆಲ್ ಖರ್ಚು ಅಷ್ಟ ಬರ್ತಿತ್ರಿ. ಇನ್ನೊಂದು ಪ್ಯಾಕೆಟ್ ಹಾಕಿದ್ರ ಅವ್ರ ಸಿಟ್ಟರ ಇಳೀತೈತಿ ಅಂತ ಹಾಕೀನ್ರಿ’ ಅಂದಳು. ನಾನು ಇದ್ದಿದ್ದರೆ ಒಂದೇ ಕಳಿಸುತ್ತಿದ್ದೆ. ಅವಳ ಲೆಕ್ಕ ನನ್ನದಕ್ಕಿಂತ ಚಲೋ ಇತ್ತು. ಅಲ್ಲಿಗೇ ನಿಲ್ಲಲಿಲ್ಲ, ಎಣ್ಣೆ ಒಸರುವ ದೂರಿನ ಪಟ್ಟಿ ಮಾಡಿ, ಎಲ್ಲವೂ ಒಂದೇ ಅಳತೆಯ ಪೌಚಿನಲ್ಲಿ ಬರುತ್ತಿವೆ ಅಂತ ಅವಳೇ ಹಿಡಿದಳು. ಪೌಚು ಬದಲಾಯಿತು.

ಇನ್ನು ಹುರಿಯುವ ಕೆಲಸ. ನನ್ನ ಮಟ್ಟಿಗೆ ಬಿಡಲು ಎಲ್ಲಕ್ಕಿಂತ ಕಷ್ಟ ಆದದ್ದು ಇದು. ಶೇಂಗಾ ಚಟ್ನಿಯ ರುಚಿ ಎಲ್ಲ ಇರುವುದು ಹುರಿಯುವುದರಲ್ಲಿ. ಸಣ್ಣ ಉರಿಯಲ್ಲಿ, ಕೈ ಬಿಡದೆ, ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಹುರಿಯಬೇಕು. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಚಟಪಟ ಶುರುವಾಗುತ್ತದೆ. ಆ ಸದ್ದು ಜೋರಾಗಿ, ಮತ್ತೆ ಇಳಿಯಲು ಹತ್ತಿದಾಗ ಒಂದು ಕಾಳು ತೆಗೆದು ಒಡೆದು ನೋಡಬೇಕು. ಒಳಗೆ ಹಸಿ ಬಿಳಿ ಇರಬಾರದು, ತಿಳಿ ಬಂಗಾರದ ಬಣ್ಣ ಬಂದಿರಬೇಕು. ಕಂದು ಬರುವ ತನಕ ಕಾದರೆ ಕೆಟ್ಟಿತು. ಯಾಕೆಂದರೆ ಕೆಳಗಿಳಿಸಿದ ಮೇಲೂ ಕಾಳಿನ ಒಳಗಿನ ಬಿಸಿಗೆ ಅದು ಇನ್ನೂ ಸ್ವಲ್ಪ ಹುರಿಯುತ್ತದೆ. ಕೂಡಲೇ ಪರಾತದಲ್ಲಿ ತೆಳ್ಳಗೆ ಹರಡಿ ಆರಿಸಬೇಕು. ಇದೆಲ್ಲ ನಮ್ಮ ಅತ್ತೆಯವರಿಂದ ನೋಡಿ ಕಲಿತದ್ದು. ಅವರು ಬಾಯಿಬಿಟ್ಟು ಹೇಳಿದ್ದು ಕಡಿಮೆ.

ಹುರಿಯುವ ಹೆಣ್ಣುಮಗಳನ್ನು ನಾವು ಕಾಕೂ (ಚಿಕ್ಕಮ್ಮ) ಅನ್ನುತ್ತೇವೆ. ಅವರಿಗೆ ನನಗಿಂತ ವಯಸ್ಸು ಜಾಸ್ತಿ, ಒಲೆಯ ಮುಂದೆ ಜೀವನವನ್ನೇ ಕಳೆದವರು. ಅವರಿಗೆ ಹುರಿಯಲು ಬರುವುದಿಲ್ಲ ಅಂತಲ್ಲ. ಅವರ ಮನೆಯ ಹದವೇ ಬೇರೆ, ನಮ್ಮ ಚಟ್ನಿಯ ಹದವೇ ಬೇರೆ. ‘ಇನ್ನೊಂದೀಟು’ ಅಂದರೆ ಎಷ್ಟು? ಬಾಯಲ್ಲಿ ಹೇಳುವುದು ಕೆಲಸಕ್ಕೆ ಬಾರದು ಅಂತ ಮೂರು ಗಾಜಿನ ಬಾಟಲಿ ತಂದೆ. ಒಂದರಲ್ಲಿ ಕಡಿಮೆ ಹುರಿದ ಕಾಳು, ಒಂದರಲ್ಲಿ ಸರಿ ಹದದ್ದು, ಒಂದರಲ್ಲಿ ಜಾಸ್ತಿ ಆದದ್ದು. ಎಲ್ಲವನ್ನೂ ಸಿಪ್ಪೆ ತೆಗೆದು, ಎರಡು ಹೋಳು ಮಾಡಿ ತುಂಬಿ ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟೆವು. ಕಾಳು ತೆಗೆದು ಒಡೆದು ಬಾಟಲಿಯ ಪಕ್ಕ ಹಿಡಿದು ನೋಡಿದರೆ ಮುಗಿಯಿತು. ಬಣ್ಣ ಮಾಸಿದಾಗ ಬಾಟಲಿಯ ಕಾಳು ಬದಲಿಸುವ ಕೆಲಸವೂ ಕಾಕೂದೇ.

ಉಪ್ಪು, ಖಾರದ್ದು ಇನ್ನೊಂದು ಕಥೆ. ನಾನು ಹಾಕುತ್ತಿದ್ದದ್ದು ಮುಷ್ಟಿ ಲೆಕ್ಕದಲ್ಲಿ. ಪ್ರತಿ ಸಲ ಮುಷ್ಟಿಯನ್ನು ನೇರ ಪರಾತಕ್ಕೆ ಸುರಿಯುವ ಬದಲು ಮೊದಲು ತಕ್ಕಡಿಗೆ ಸುರಿದೆ. ಬರೆದಿಟ್ಟೆ. ಹೀಗೆ ಒಂದಷ್ಟು ಸಲ ಮಾಡಿದ ಮೇಲೆ ನನ್ನ ಮುಷ್ಟಿಯ ತೂಕ ಗ್ರಾಂನಲ್ಲಿ ಸಿಕ್ಕಿತು. ಈಗ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಹಾಳೆ ಇದೆ: ಇಷ್ಟು ಕೇಜಿ ಶೇಂಗಾಕ್ಕೆ ಇಷ್ಟು ಗ್ರಾಂ ಉಪ್ಪು, ಇಷ್ಟು ಬ್ಯಾಡಗಿ ಖಾರ, ಇಷ್ಟು ಬೆಳ್ಳುಳ್ಳಿ, ಇಷ್ಟು ಜೀರಿಗೆ. ಕುಟ್ಟುವುದು ಎಲ್ಲಿಗೆ ನಿಲ್ಲಬೇಕು ಅನ್ನುವುದನ್ನು ಮಾತ್ರ ತಕ್ಕಡಿ ಹೇಳುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಉದುರದಿದ್ದರೆ ಎಣ್ಣೆ ಬಿಟ್ಟಿದೆ ಅಂತ ಅರ್ಥ. ಅದನ್ನು ಕೈಗೆ ಕೈ ಹಚ್ಚಿಯೇ ಕಲಿಸಬೇಕಾಯಿತು.

ಕಾಳು ಆರಿಸುವುದರಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. ಕಪ್ಪಾದ, ಸುಕ್ಕಾದ, ಬೂಸು ಹಿಡಿದ ಕಾಳು ಒಂದೂ ಒಳಗೆ ಹೋಗಬಾರದು. ಶೇಂಗಾದ ಬೂಸಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಆಗುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಈ ಮಾತನ್ನು ಎಲ್ಲರಿಗೂ ಕೂಡಿಸಿ ಹೇಳಿದೆ. ಕಾರಣ ಗೊತ್ತಾದ ಮೇಲೆ ಆರಿಸುವ ಕೈಯೇ ಬದಲಾಯಿತು. ಪರೀಕ್ಷೆ ಮಾಡಿಸುವುದನ್ನು ಹೊರಗೆ ಕೊಟ್ಟಿದ್ದೇವೆ, ಮಾನ್ಯತೆ ಇರುವ ಲ್ಯಾಬಿಗೆ ಸ್ಯಾಂಪಲ್ ಹೋಗುತ್ತದೆ.

ಲೆಕ್ಕಪತ್ರ ಹೊರಗೆ ಕೊಟ್ಟದ್ದು ಸಲೀಸಾಗಿ ಆಯಿತು. ಪುಣೆಗೆ ಮಾಲು ಹೋಗುವುದರಿಂದ ನಮಗೆ ಜಿಎಸ್‌ಟಿ ನೋಂದಣಿ ಬೇಕೇ ಬೇಕಿತ್ತು. ತೆರಿಗೆ ಇರುವ ಮಾಲನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಸಣ್ಣದು ಅನ್ನುವ ವಿನಾಯಿತಿ ಸಿಗುವುದಿಲ್ಲ. ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ವ್ಯವಸ್ಥೆ, ಕಾಂಪೊಸಿಷನ್ ಸ್ಕೀಮಿಗೂ ಹೋಗುವಂತಿಲ್ಲ. ನಮ್ಮ ಸಿಎ ಅವರು ಕ್ಯೂಆರ್‌ಎಂಪಿ ಆರಿಸಿಕೊಟ್ಟರು. 5 ಕೋಟಿ ತನಕದ ವಹಿವಾಟಿನವರಿಗೆ 2021ರ ಜನವರಿಯಿಂದ ಇರುವ ವ್ಯವಸ್ಥೆ ಅದು. ರಿಟರ್ನ್ ಮೂರು ತಿಂಗಳಿಗೊಮ್ಮೆ, ಅದರಲ್ಲಿ ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ಚಲನ್ ತುಂಬಿ ಕಟ್ಟಬೇಕು. ನಾನೇ ಮಾಡುತ್ತಿದ್ದಾಗ ತಿಂಗಳ ಕೊನೆಯ ರಾತ್ರಿಗಳು ಬಿಲ್ಲು ಕೂಡಿಸುವುದರಲ್ಲೇ ಹೋಗುತ್ತಿದ್ದವು. ಈಗ ಬಿ.ಕಾಂ. ಹುಡುಗಿ ಬಿಲ್ಲುಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಹಾಕುತ್ತಾಳೆ, ಸಿಎ ಆಫೀಸಿನವರು ರಿಟರ್ನ್ ತುಂಬುತ್ತಾರೆ.

ಇದರ ಬೆಲೆ ನನಗೆ ಗೊತ್ತಾದದ್ದು 2025ರ ಸೆಪ್ಟೆಂಬರಿನಲ್ಲಿ. ಆ ತಿಂಗಳ 22ರಿಂದ ರೊಟ್ಟಿ, ಚಪಾತಿಯ ಮೇಲಿದ್ದ 5% ತೆರಿಗೆ ಶೂನ್ಯ ಆಯಿತು. ಚಟ್ನಿ ಪುಡಿ 5%ನಲ್ಲೇ ಉಳಿಯಿತು. ಸಿಎ ಆಫೀಸಿನಿಂದ ಮುಂಚೆಯೇ ಫೋನ್ ಬಂತು, ಅವಳು ಬಿಲ್ಲಿನ ದರ ಬದಲಿಸಿದಳು, ನಾನು ರೊಟ್ಟಿ ಪ್ಯಾಕೆಟ್ಟಿನ ಬೆಲೆ ಇಳಿಸುವುದನ್ನು ಮಾತ್ರ ನೋಡಿಕೊಂಡೆ.

ದುಡ್ಡಿನ ವಿಷಯದಲ್ಲಿ ಎರಡು ನಿಯಮ ಇಟ್ಟೆ. ಜಿಎಸ್‌ಟಿಗೆ ಮತ್ತು ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರು ನನ್ನದೇ ಇರಬೇಕು. ಕರೆಂಟ್ ಅಕೌಂಟಿನ ನೆಟ್‌ಬ್ಯಾಂಕಿಂಗಿನಲ್ಲಿ ಎರಡು ಲಾಗಿನ್ ಮಾಡಿಸಿದೆ. ಪಾವತಿ ತಯಾರು ಮಾಡುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ಅವಳು ಸಪ್ಲೈಯರ್‌ಗಳ ಪಾವತಿಯನ್ನೆಲ್ಲ ಹಾಕಿಡುತ್ತಾಳೆ, ಸಂಜೆ ನಾನು ಒಮ್ಮೆ ನೋಡಿ ಒತ್ತುತ್ತೇನೆ. ಇದು ಅಪನಂಬಿಕೆ ಅಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಸಂಶಯ ಅವಳ ಮೇಲೆ ಬರಬಾರದು. ಇದನ್ನು ಅವಳಿಗೂ ಬಿಡಿಸಿ ಹೇಳಿದೆ, ಅವಳಿಗೂ ಹಗುರ ಅನ್ನಿಸಿತು.

ಹೆಸರು ನಮ್ಮದೇ ಇರಬೇಕು ಅನ್ನುವ ಹಟ ನನಗೆ ಬರಲು ಇನ್ನೊಂದು ಕಾರಣ ಇದೆ. ನಮ್ಮ ಫೇಸ್‌ಬುಕ್ ಪೇಜು, ವೆಬ್‌ಸೈಟು ನೋಡಿಕೊಳ್ಳಲು ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಕೆಲಸ ಚೆನ್ನಾಗಿಯೇ ಮಾಡಿದರು. ಬಿಡುವ ಹೊತ್ತಿಗೆ ನೋಡಿದರೆ ಪೇಜಿನ ಒಡೆತನ ಅವರ ಅಕೌಂಟಿನಲ್ಲಿ, ಡೊಮೇನ್ ಅವರ ಹೆಸರಿನಲ್ಲಿ. ಕೇಳಿದರೆ ನಾಳೆ, ನಾಡಿದ್ದು ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಗಿರಾಕಿಗಳು ಬರೆದ ಒಳ್ಳೆಯ ಮಾತುಗಳೆಲ್ಲ ಆ ಪೇಜಿನಲ್ಲೇ ಉಳಿದವು. ಹೊಸದು ಕಟ್ಟಿದೆವು. ಈಗ ಹೊರಗಿನವರಿಗೆ ಯಾವ ಕೆಲಸ ಕೊಟ್ಟರೂ ಅಕೌಂಟು ನಮ್ಮ ಇಮೇಲಿನಿಂದ ತೆರೆದು, ಅವರಿಗೆ ಬೇಕಾದಷ್ಟು ಪರ್ಮಿಷನ್ ಮಾತ್ರ ಕೊಡುತ್ತೇವೆ. ಸಣ್ಣ ವ್ಯಾಪಾರ ಮಾಡುವ ಎಲ್ಲ ಹೆಣ್ಣುಮಕ್ಕಳಿಗೂ ನಾನು ಇದನ್ನು ಕೈ ಹಿಡಿದು ಹೇಳುತ್ತೇನೆ.

ಹಾಗೆಯೇ ಸರ್ಕಾರಿ ಕಾಗದಪತ್ರಕ್ಕೆ ಏಜೆಂಟರನ್ನು ಹಿಡಿಯುವ ಮೊದಲು ವಿಚಾರಿಸಿ. ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿಗೆ ಒಂದು ಪೈಸೆ ಫೀಸಿಲ್ಲ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಸಣ್ಣ ಆಹಾರ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯ ಸಾಲದ ಅರ್ಜಿಗೆ ಸಹಾಯ ಮಾಡಲು ಆಗ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇದ್ದರು, ಅವರಿಗೆ ಯೋಜನೆಯಿಂದಲೇ ದುಡ್ಡು ಹೋಗುತ್ತಿತ್ತು. ಕುಟ್ಟುವ ಯಂತ್ರಕ್ಕೆ ನಾವು ಅರ್ಜಿ ಹಾಕಿದ್ದು ಹಾಗೆಯೇ.

ರೊಟ್ಟಿಯ ಕೆಲಸ ಪೂರ್ತಿ ಹೊರಗೆ ಹೋಯಿತು. ನಮ್ಮ ಜಾಗದಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿಯುವುದು, ಅದೇ ಹವೆಯಲ್ಲಿ ಚಟ್ನಿ ಪ್ಯಾಕ್ ಮಾಡುವುದು ಎರಡೂ ಹೊಂದುತ್ತಿರಲಿಲ್ಲ. ಹತ್ತಿರದ ಹಳ್ಳಿಯ ಒಂದು ಮಹಿಳಾ ಸಂಘದವರು ಮಾಡಿಕೊಡಲು ಒಪ್ಪಿದರು. ಅವರ ಕೈ ನೋಡಬೇಕು! ರೊಟ್ಟಿ ಒಂದೇ ಸಮ, ಅಂಚು ಎಲ್ಲೂ ಸೀಳುವುದಿಲ್ಲ. ಆದರೆ ಮೊದಲ ಮಾತುಕತೆಯಲ್ಲಿ ರೊಟ್ಟಿಗೆ ಎಷ್ಟು ದರ ಅನ್ನುವುದು ಬೇಗ ಮುಗಿಯಿತು, ಉಳಿದದ್ದಕ್ಕೇ ಹೊತ್ತು ಹಿಡಿಯಿತು.

ಹಿಟ್ಟು ಯಾರದ್ದು? ನಾವೇ ಹಿಟ್ಟು ಮಾಡಿಸಿ ಕಳಿಸುತ್ತೇವೆ ಅಂದೆ. ಸಂಘದ ಹಿರಿಯ ಹೆಣ್ಣುಮಗಳು ಕೂಡಲೇ ಬೇಡ ಅಂದರು. ‘ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ ತಂಗಿ. ಬಡಿಯೂದ್ರಾಗ ಹರಿತೈತಿ. ಜ್ವಾಳ ಕೊಡ್ರಿ, ಬೇಕಾದಾಗ ನಾವ ಬೀಸ್ಕೊಂಡು ಬರ್ತೀವಿ.’ ಅವರ ಮಾತಿನಂತೆ ಈಗ ಮಾಲದಂಡಿ ಜೋಳವನ್ನು ಚೀಲದಲ್ಲಿ ಕಳಿಸುತ್ತೇವೆ, ಅವರ ಊರಿನ ಗಿರಣಿಯಲ್ಲೇ ಬೀಸಿಸುತ್ತಾರೆ. ಒಡೆದ ರೊಟ್ಟಿ ಯಾರ ಲೆಕ್ಕಕ್ಕೆ? ಅವರ ಜಾಗದಲ್ಲಿ ಎಣಿಸಿ ಡಬ್ಬಿಗೆ ಹಾಕುವ ಮುಂಚೆ ಒಡೆದದ್ದು ಅವರದ್ದು, ಎಣಿಸಿದ ಮೇಲೆ ಒಡೆದದ್ದು ನಮ್ಮದು. ಪಗಾರ ಯಾವತ್ತು? ಊರ ಸಂತೆಯ ಹಿಂದಿನ ದಿನ. ಇದನ್ನು ಅವರೇ ಕೇಳಿದರು, ಬೇರೆ ಯಾವ ದಿನವೂ ಬೇಡ ಅಂದರು. ಆ ದಿನ ಮಾತ್ರ ನಾವು ಇಲ್ಲಿಯ ತನಕ ತಪ್ಪಿಸಿಲ್ಲ.

ಕಾಗದದ ಕೆಲಸವೂ ಇತ್ತು. ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಮ್ಮ ಜಾಗಕ್ಕೆ ಸೇರಿದ್ದು, ರೊಟ್ಟಿ ತಯಾರಾಗುವುದು ಅವರ ಜಾಗದಲ್ಲಿ. ಹಾಗಾಗಿ ಸಂಘದ ಹೆಸರಿನಲ್ಲೇ ಬೇರೆ ನೋಂದಣಿ ಮಾಡಿಸಿದೆವು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಅದರ ಫೀಸು ವರ್ಷಕ್ಕೆ 100 ರೂಪಾಯಿ. ಪ್ಯಾಕೆಟ್ಟಿನ ಮೇಲೆ ‘ತಯಾರಿಸಿದವರು’ ಅಂತ ಸಂಘದ ಹೆಸರು, ‘ಮಾರಾಟ ಮಾಡುವವರು’ ಅಂತ ನಮ್ಮ ಹೆಸರು ಬಂತು. ಮೊದಲ ಪ್ಯಾಕೆಟ್ ಕೈಗೆ ಬಂದಾಗ ಅವರಲ್ಲೊಬ್ಬರು ಅದನ್ನು ಖಾಲಿ ಮಾಡದೆ ದೇವರ ಮುಂದೆ ಇಟ್ಟಿದ್ದರಂತೆ. ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು.

ಒಂದು ತೊಡಕು ಇನ್ನೂ ಇದೆ. ಎಳ್ಳಮಾವಾಸ್ಯೆ, ಸಂಕ್ರಾಂತಿಗೆ ರೊಟ್ಟಿಗೆ ಎಲ್ಲಿಲ್ಲದ ಬೇಡಿಕೆ. ಆಗಲೇ ಆ ಹೆಣ್ಣುಮಕ್ಕಳಿಗೂ ಮನೆಯಲ್ಲಿ ಹಬ್ಬ, ಚರಗಕ್ಕೆ, ಅಂದರೆ ಬೆಳೆಗೆ ನೈವೇದ್ಯ ಚೆಲ್ಲಲು, ಹೊಲಕ್ಕೆ ಹೋಗುವುದು. ಅದರ ಬೆನ್ನಿಗೇ ಜೋಳದ ಸುಗ್ಗಿ. ಅವರನ್ನು ಒತ್ತಾಯ ಮಾಡಲು ನನಗೆ ಮನಸ್ಸಿಲ್ಲ. ಕಡಕ್ ರೊಟ್ಟಿ ಹವೆ ತಾಗದಂತೆ ಇಟ್ಟರೆ ವಾರಗಟ್ಟಲೆ ಇರುತ್ತದೆ ಅಂತ ಮೊದಲೇ ಸ್ವಲ್ಪ ಮಾಡಿಸಿ ಇಡುತ್ತೇವೆ. ಅದೂ ಮುಗಿದರೆ ಖಾನಾವಳಿಯವರಿಗೆ ಇಲ್ಲ ಅಂತಲೇ ಹೇಳುತ್ತೇವೆ.

ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೆ ನನ್ನ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ. ಪ್ರತಿ ಘಾಣದ (ಒಂದು ಸಲಕ್ಕೆ ಮಾಡಿದ) ಚಟ್ನಿಯ ರುಚಿ ನೋಡುವುದು, ದರ ಕಟ್ಟುವುದು, ಮೆಣಸಿನಕಾಯಿ ಖರೀದಿ. ಖರೀದಿ ನನಗೆ ಬಹಳ ಇಷ್ಟದ ಕೆಲಸ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಬರುವ ಕಾಲದಲ್ಲಿ ನಾನೇ ಹೋಗಿ ಡಬ್ಬಿ, ಕಡ್ಡಿ ಎರಡೂ ಜಾತಿಯ ಕಾಯಿ ನೋಡಿ ತರುತ್ತೇನೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಬೀಜ ಗಲಗಲ ಅನ್ನಬೇಕು. ಮುರಿದರೆ ಒಳಗಿನ ಬಣ್ಣ ಬೆರಳಿಗೆ ಹತ್ತಬೇಕು. ವರ್ಷದ ಖಾರ ಅಲ್ಲೇ ತೀರ್ಮಾನ ಆಗುತ್ತದೆ, ಅರ್ಧ ಬಂಡವಾಳವೂ ಅಲ್ಲೇ ಇಳಿಯುತ್ತದೆ. ಬೆಳಿಗ್ಗೆ ಹೋದರೆ ಸಂಜೆಯ ತನಕ ಫೋನ್ ಚೀಲದಲ್ಲೇ ಇರುತ್ತದೆ. ಮೊದಲಾದರೆ ಇದು ಆಗದ ಮಾತು.

ಕಳೆದ ಸಲ ಬಿ.ಕಾಂ. ಹುಡುಗಿಯನ್ನೂ ಕರೆದುಕೊಂಡು ಹೋಗಿದ್ದೆ. ಮಾಲು ಆರಿಸಿದ್ದು ಅವಳು, ಕೊಳ್ಳುವ ದರ ಬರೆದದ್ದು ನಾನು. ಈ ವರ್ಷ ಒಂದು ಲಾಟಿನ (ರಾಶಿಯ) ದರವನ್ನು ಅವಳೇ ಬರೆಯಲಿ ಅಂತ ಹೇಳಿದ್ದೇನೆ. ‘ನಿಮ್ಮನ್ನ ಕೇಳಿ ಬರಿತೀನ್ರಿ’ ಅಂದಳು. ಬೇಡ, ಇಷ್ಟರೊಳಗೆ ಅಂತ ಮಿತಿ ಹೇಳಿರುತ್ತೇನೆ, ಅದರ ಒಳಗೆ ನಿನ್ನದೇ ತೀರ್ಮಾನ ಅಂದೆ. ಮಿತಿ ಎಷ್ಟು ಅನ್ನುವುದನ್ನು ಮಾರುಕಟ್ಟೆ ನೋಡಿ ಹಿಂದಿನ ದಿನ ಇಬ್ಬರೂ ಕೂತು ಗೊತ್ತು ಮಾಡುತ್ತೇವೆ.